ಬಸುರಿ ಕೋತಿಯ ಋಣ ನಮ್ಮ ಮೇಲಿದೆ

ಹೆರಿಗೆಯಾದ ಸುದ್ದಿ ಫೋನಿನಲ್ಲಿ ಬಂದ ಕೂಡಲೇ ನಾವು ಏನು ಕೇಳುತ್ತೇವೆ? 'ಗಂಡೋ, ಹೆಣ್ಣೋ?' ಆಮೇಲೆ 'ತೂಕ ಎಷ್ಟು?', 'ನಾರ್ಮಲ್ಲಾ, ಸಿಸೇರಿಯನ್ನಾ?' ಅಷ್ಟಕ್ಕೆ ಮುಗಿಯಿತು. ಹಿಂದೆ ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಹೊರಗೆ ಕೂತ ಹಿರಿಯ ಹೆಂಗಸರು ಇನ್ನೊಂದು ಮಾತು ತಪ್ಪದೇ ಕೇಳುತ್ತಿದ್ದರು: 'ಮಾಸು ಬಿತ್ತೇನಮ್ಮಾ?' ಮಾಸು ಪೂರ್ತಿಯಾಗಿ ಬೀಳುವ ತನಕ ಸೂಲಗಿತ್ತಿ ಬಾಣಂತಿಯ ಪಕ್ಕದಿಂದ ಏಳುತ್ತಿರಲಿಲ್ಲ. ಅದರ ಒಂದು ಚೂರು ಒಳಗೇ ಉಳಿದರೂ ರಕ್ತ ನಿಲ್ಲದೆ ತಾಯಿಯ ಜೀವಕ್ಕೆ ಸಂಚಕಾರ ಬರುತ್ತದೆ ಎನ್ನುವುದು, ಯಾವ ಪುಸ್ತಕ ಓದದಿದ್ದರೂ, ಅವರಿಗೆ ಗೊತ್ತಿತ್ತು.

ಹಳ್ಳಿಗಳಲ್ಲಿ ಆ ಮಾಸನ್ನು ಹಿತ್ತಿಲಲ್ಲಿ ಗುಂಡಿ ತೋಡಿ, ನಾಯಿ ನರಿ ಮುಟ್ಟದ ಹಾಗೆ ಹೂಳುತ್ತಿದ್ದರು. ಈಗ ನರ್ಸಿಂಗ್ ಹೋಮುಗಳಲ್ಲಿ ಅದು ಹಳದಿ ಚೀಲದೊಳಗೆ ಸೇರಿ ಹೊರಟುಹೋಗುತ್ತದೆ. ಎರಡು ಮೂರು ಮಕ್ಕಳನ್ನು ಹೆತ್ತವರೂ ಅದನ್ನು ಕಣ್ಣಾರೆ ಕಂಡಿರುವುದಿಲ್ಲ. ಆಡುಮಾತಿನಲ್ಲಿ ಅದಕ್ಕೆ 'ಕಸ' ಎಂದೇ ಹೆಸರು!

ಡಾಕ್ಟರುಗಳು ಪ್ಲಾಸೆಂಟಾ ಎನ್ನುವ, ಸುಮಾರು ಅರ್ಧ ಕಿಲೋ ತೂಗುವ ಈ ಮಾಸು ಕಸವಲ್ಲ ಕಣ್ರೀ. ಹೊಟ್ಟೆಯೊಳಗಿನ ಕೂಸಿಗೆ ಅದೇ ಶ್ವಾಸಕೋಶ, ಅದೇ ಕಿಡ್ನಿ, ಅದೇ ಊಟದ ಮನೆ. ತಾಯಿಯ ರಕ್ತದಿಂದ ಆಮ್ಲಜನಕ, ಸಕ್ಕರೆ, ಕಬ್ಬಿಣ, ವಿಟಮಿನ್ನು ಎಲ್ಲವನ್ನೂ ಆರಿಸಿ ಮಗುವಿಗೆ ಕೊಡುವುದು, ಮಗುವಿನ ಕಶ್ಮಲವನ್ನು ತಾಯಿಯ ಕಡೆಗೆ ದಾಟಿಸುವುದು, ಬಸಿರು ನಿಲ್ಲಲು ಬೇಕಾದ ಹಾರ್ಮೋನು ತಯಾರಿಸುವುದು ಎಲ್ಲ ಅದರ ಕೆಲಸ. ಒಂಬತ್ತು ತಿಂಗಳ ಚಾಕರಿ ಮುಗಿಸಿ ಮಗುವಿನ ಹಿಂದೆಯೇ ಅದೂ ಹೊರಬಂದುಬಿಡುತ್ತದೆ.

ಇಷ್ಟೆಲ್ಲ ಹೇಗೆ ತಿಳಿಯಿತು? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ನಾವು ಬಂದು ನಿಲ್ಲುವುದು ಒಂದು ಬಸುರಿ ಕೋತಿಯ ಮುಂದೆ. 'ಅಯ್ಯೋ, ಕೋತಿಯ ಮೇಲೆ ಪ್ರಯೋಗಾನಾ? ಅದೂ ಬಸುರಿ ಕೋತಿಯ ಮೇಲೆ?' ಅಂತ ನಿಮ್ಮ ಕರುಳು ಚುರ್ ಎಂದಿರಬಹುದು. ಶನಿವಾರ ಆಂಜನೇಯನ ಗುಡಿಗೆ ಹೋಗಿ ಬರುವವರಿಗೆ, ಬಾಳೆಹಣ್ಣು ಕಸಿದ ಕೋತಿಯನ್ನೂ ಬಯ್ಯದೆ ಬಿಡುವವರಿಗೆ ಹಾಗನ್ನಿಸುವುದು ಸಹಜ. ಆದರೆ ಕಣ್ಣು ಮುಚ್ಚಿಕೊಂಡರೆ ಆ ವಿಷಯ ಇಲ್ಲವಾಗುವುದಿಲ್ಲ. ಬಸುರಿಯಾದಾಗ ನಾವು ನುಂಗುವ, ಅಥವಾ ನುಂಗಬಾರದು ಎಂದು ಪಕ್ಕಕ್ಕಿಡುವ ಗುಳಿಗೆಯ ಹಿಂದೆ ಆ ಕೋತಿಯ ಕಥೆಯೂ ಇದೆ. ಅದನ್ನು ತಿಳಿದುಕೊಂಡೇ ಸರಿ ತಪ್ಪು ಹೇಳೋಣ.

ಕೋತಿಯೇ ಏಕೆ ಬೇಕು?

ಹೆರಿಗೆಯ ನಂತರ ಸಿಗುವ ಮಾಸನ್ನೇ ನೋಡಿದರೆ ಸಾಲದೇ ಎಂದು ನೀವು ಕೇಳಬಹುದು. ಅಡುಗೆ ಮುಗಿದು ಪಾತ್ರೆ ತೊಳೆದಿಟ್ಟ ಮೇಲೆ ಅದನ್ನು ನೋಡಿ, ಸಾರಿಗೆ ಹುಳಿ ಯಾವಾಗ ಹಾಕಿದರು, ಒಗ್ಗರಣೆ ಎಲ್ಲಿ ಸೀದುಹೋಯಿತು ಎಂದು ಹೇಳಲಾದೀತೇ? ಇದೂ ಹಾಗೇ. ಗರ್ಭಪಾತ, ಬಿಪಿ, ದಿನ ತುಂಬುವ ಮೊದಲೇ ಹೆರಿಗೆ, ಮಗು ಬೆಳೆಯದಿರುವುದು... ಇಂತಹ ಎಷ್ಟೋ ತೊಂದರೆಗಳ ಬೇರು ಇರುವುದು ಬಸಿರಿನ ಮೊದಲ ಕೆಲವು ವಾರಗಳಲ್ಲಿ, ಮಾಸು ಗರ್ಭಕೋಶಕ್ಕೆ ಬೇರು ಬಿಡುವ ಹೊತ್ತಿನಲ್ಲಿ. ಆಗ ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂದೇ ಗೊತ್ತಿರುವುದಿಲ್ಲ. ಆ ಸಮಯದಲ್ಲಿ ಒಳಗೆ ಕೈಯಾಡಿಸಿ ಪರೀಕ್ಷೆ ಮಾಡಲು ಯಾವ ತಾಯಿಯೂ ಒಪ್ಪುವುದಿಲ್ಲ, ಒಪ್ಪಲೂಬಾರದು.

'ಇಲಿ ಇದೆಯಲ್ಲ?' ಎನ್ನುತ್ತೀರಾ? ಪ್ರಯೋಗಶಾಲೆಯ ಚಿಕ್ಕ ಇಲಿಯ ಬಸಿರು ಸುಮಾರು 20 ದಿನಕ್ಕೇ ಮುಗಿಯುತ್ತದೆ. ಅದರ ಮಾಸಿನ ರಚನೆಯೂ ಬೇರೆ. ಪ್ರೊಜೆಸ್ಟರಾನ್ ಹೆಸರು ನೀವು ಕೇಳಿರುತ್ತೀರಿ, ಬಸಿರನ್ನು ಉಳಿಸುವ ಹಾರ್ಮೋನು. ಇಲಿಯಲ್ಲಿ ಅದನ್ನು ಕೊನೆಯವರೆಗೂ ಅಂಡಾಶಯವೇ ತಯಾರಿಸಬೇಕು. ನಮ್ಮಲ್ಲಿ ಎರಡು ತಿಂಗಳ ಸುಮಾರಿಗೆ ಮಾಸು ಆ ಜವಾಬ್ದಾರಿಯನ್ನು ತಾನೇ ವಹಿಸಿಕೊಳ್ಳುತ್ತದೆ. ಕೋತಿಯಲ್ಲೂ ಹಾಗೆಯೇ, ಇನ್ನೂ ಸ್ವಲ್ಪ ಬೇಗ. ಮೆಡಿಕಲ್ ಶಾಪಿನಿಂದ ತಂದು ಬಚ್ಚಲುಮನೆಯಲ್ಲಿ ನೋಡುತ್ತೇವಲ್ಲ, ಎರಡು ಗೆರೆ ಮೂಡುವ ಕಿಟ್ಟು, ಅದು ಹಿಡಿಯುವುದು ಎಚ್‌ಸಿಜಿ ಎಂಬ ಹಾರ್ಮೋನನ್ನು. ಮಾಸು ಆಗುವ ಜೀವಕೋಶಗಳೇ ಅದನ್ನು ಹೊರಬಿಡುತ್ತವೆ. ಇಲಿಯಲ್ಲಿ ಆ ಹಾರ್ಮೋನು ಇಲ್ಲವೇ ಇಲ್ಲ. ಕೋತಿಯಲ್ಲಿ ಅದರ ಜೊತೆಗಾರ ಇದೆ.

ಹಸುವನ್ನೇ ತೆಗೆದುಕೊಳ್ಳಿ. ಕರು ಹಾಕಿದ ಕೂಡಲೇ ಗಿಣ್ಣದ ಹಾಲನ್ನು ಮೊದಲು ಕರುವಿಗೆ ಕುಡಿಸಬೇಕು ಎನ್ನುತ್ತಾರೆ. ಹಸುವಿನ ಮಾಸಿನ ಮೂಲಕ ತಾಯಿಯ ರೋಗನಿರೋಧಕ ಪ್ರತಿಕಾಯಗಳು ಕರುವಿಗೆ ದಾಟುವುದಿಲ್ಲ, ಅವೆಲ್ಲ ಗಿಣ್ಣದಲ್ಲೇ ಸಿಗಬೇಕು. ನಮ್ಮಲ್ಲಿ ಮತ್ತು ಕೋತಿಗಳಲ್ಲಿ ಅವು ಮಾಸಿನ ಮೂಲಕವೇ ಮಗುವನ್ನು ಸೇರುತ್ತವೆ. ಬಸುರಿಗೆ ಧನುರ್ವಾಯುವಿನ ಚುಚ್ಚುಮದ್ದು ಹಾಕಿದರೆ ಹುಟ್ಟುವ ಮಗುವಿಗೂ ರಕ್ಷಣೆ ಸಿಗುವುದು ಈ ದಾರಿಯಿಂದ. 2015ರಲ್ಲಿ ಭಾರತ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಹತೋಟಿಗೆ ತಂದ ದೇಶವೆಂದು ಅಧಿಕೃತವಾಗಿ ಘೋಷಣೆಯಾಯಿತು. ಅದರಲ್ಲಿ ನಮ್ಮ ಮಾಸಿನ ಪಾಲೂ ಇದೆ ಎಂದು ಯಾರಾದರೂ ನೆನೆಸಿಕೊಂಡೆವಾ?

ಎಕ್ಸ್-ರೇಯಲ್ಲಿ ಕಂಡ ಕಾರಂಜಿ

ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಕಾರ್ನೆಗಿ ಸಂಸ್ಥೆಯ ಭ್ರೂಣಶಾಸ್ತ್ರ ವಿಭಾಗವಿತ್ತು. 1925ರಲ್ಲಿ ಅಲ್ಲಿ ರೀಸಸ್ ಕೋತಿಗಳನ್ನು ಸಾಕಲು ಶುರುಮಾಡಿದರು. ರೀಸಸ್ ಅಂದರೆ ಬೇರೆ ಯಾವುದೋ ದೇಶದ್ದಲ್ಲ, ಕಾಶಿ, ಮಥುರೆಗೆ ಹೋದವರ ಕನ್ನಡಕ ಕಿತ್ತುಕೊಳ್ಳುತ್ತದಲ್ಲ, ಅದೇ ಉತ್ತರ ಭಾರತದ ಕೋತಿ. ಇದರ ಬಸಿರು ಸುಮಾರು ಐದೂವರೆ ತಿಂಗಳು. ಬಸಿರು ನಿಲ್ಲುವ ಹೊತ್ತಿಗೆ ಈ ಕೋತಿಗಳಲ್ಲಿ ಸ್ವಲ್ಪ ರಕ್ತ ಕಾಣುವುದನ್ನು ಕಾರ್ಲ್ ಹಾರ್ಟ್‌ಮನ್ ಎಂಬ ವಿಜ್ಞಾನಿ ಅಲ್ಲೇ ಗುರುತಿಸಿದ. ಹೆಂಗಸರಲ್ಲೂ ಕೆಲವರಿಗೆ ಹೀಗಾಗುತ್ತದೆ. ಅದನ್ನೇ ಮುಟ್ಟು ಎಂದುಕೊಂಡು ಲೆಕ್ಕ ಹಾಕಿದರೆ ದಿನ ತಪ್ಪುತ್ತದೆ. ಹಾಗೆಂದು ಬಸುರಿಯಲ್ಲಿ ರಕ್ತ ಕಂಡರೆ 'ಇದೇ ಇರಬೇಕು ಬಿಡು' ಎಂದು ಸುಮ್ಮನಿರಬೇಡಿ, ಡಾಕ್ಟರಿಗೆ ಹೇಳಲೇಬೇಕು.

ಅದೇ ವಿಭಾಗದಲ್ಲಿ ಎಲಿಜಬೆತ್ ರಾಮ್ಸೆ ಎಂಬ ವೈದ್ಯೆ ಇದ್ದರು. ಮಾಸಿನೊಳಗೆ ತಾಯಿಯ ರಕ್ತ ಹೇಗೆ ಓಡಾಡುತ್ತದೆ ಎನ್ನುವ ಒಂದೇ ಪ್ರಶ್ನೆಯ ಹಿಂದೆ ಅವರು ದಶಕಗಟ್ಟಲೆ ಬಿದ್ದರು. 1950 ಮತ್ತು 60ರ ದಶಕಗಳಲ್ಲಿ ಬಸುರಿ ರೀಸಸ್ ಕೋತಿಗಳ ರಕ್ತನಾಳಕ್ಕೆ ಎಕ್ಸ್-ರೇಯಲ್ಲಿ ಕಾಣುವ ದ್ರವ ಬಿಟ್ಟು ಒಂದರ ಹಿಂದೊಂದು ಚಿತ್ರ ತೆಗೆದರು. ತಾಯಿಯ ರಕ್ತ ಸಣ್ಣ ಸಣ್ಣ ಕಾರಂಜಿಗಳಂತೆ ಚಿಮ್ಮಿ ಮಾಸಿನ ಒಳಗೆ ಬರುತ್ತದೆ, ಮಗುವಿನ ರಕ್ತನಾಳಗಳಿರುವ ಎಳೆಗಳನ್ನು ತೋಯಿಸಿ ಹಿಂತಿರುಗುತ್ತದೆ ಎಂಬುದು ಕಣ್ಣಿಗೆ ಕಂಡಿತು. ಗರ್ಭಕೋಶ ಬಿಗಿದುಕೊಂಡಾಗ ಈ ಕಾರಂಜಿ ಕಡಿಮೆಯಾಗುವುದೂ ಕಂಡಿತು. ಹೆರಿಗೆ ನೋವು ಬರಿಸುವ ಇಂಜೆಕ್ಷನ್ ಕೊಟ್ಟಾಗ ನರ್ಸ್ ಮತ್ತೆ ಮತ್ತೆ ಬಂದು ಮಗುವಿನ ಎದೆಬಡಿತ ಯಾಕೆ ನೋಡುತ್ತಾಳೆ ಎಂದು ಇನ್ನು ಮುಂದೆ ಸಿಡುಕಬೇಡಿ. ನೋವು ಮತ್ತು ನೋವಿನ ನಡುವೆ ಬಿಡುವು ಸಿಕ್ಕರೆ ಮಾತ್ರ ಮಗುವಿಗೆ ಉಸಿರು ಸರಿಯಾಗಿ ತಲುಪುತ್ತದೆ.

ಇನ್ನೊಂದು ವಿಷಯ. 'ನನ್ನದು ಆರ್‌ಎಚ್ ನೆಗೆಟಿವ್' ಎನ್ನುತ್ತೇವಲ್ಲ, ಆ ಆರ್‌ಎಚ್ ಎಂಬ ಎರಡಕ್ಷರ ಬಂದಿರುವುದೇ ರೀಸಸ್ ಎಂಬ ಹೆಸರಿನಿಂದ! 1940ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಎಂಬ ವಿಜ್ಞಾನಿಗಳು ಈ ಕೋತಿಯ ರಕ್ತದ ಮೇಲೆ ಕೆಲಸ ಮಾಡುವಾಗ ಸಿಕ್ಕ ಸಂಗತಿ ಅದು. ನಮ್ಮ ತಾಯಿ ಕಾರ್ಡಿನ ಮೇಲೂ ಕೋತಿಯ ಹೆಸರು ಕೂತಿದೆ.

ವಾಂತಿ ನಿಲ್ಲಿಸಲು ಹೋಗಿ...

1957ರಲ್ಲಿ ಆಗಿನ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ಗುಳಿಗೆ ಮಾರಾಟಕ್ಕೆ ಬಂತು. ನಿದ್ದೆಗೆ ಒಳ್ಳೆಯದು, ಬಸುರಿಯರ ವಾಂತಿ ವಾಕರಿಕೆಗೂ ಒಳ್ಳೆಯದು, ಏನೂ ಅಪಾಯವಿಲ್ಲ ಎಂದು ಪ್ರಚಾರ. ಡಾಕ್ಟರ ಚೀಟಿಯೂ ಬೇಕಿರಲಿಲ್ಲ. ಕೆಲವೇ ವರ್ಷಗಳಲ್ಲಿ ಕೈ ಕಾಲು ಬೆಳೆಯದ ಕೂಸುಗಳು ಒಂದಾದ ಮೇಲೊಂದು ಹುಟ್ಟತೊಡಗಿದವು. ಲೋಕದಾದ್ಯಂತ 10,000ಕ್ಕೂ ಹೆಚ್ಚು ಮಕ್ಕಳು ಹೀಗೆ ನರಳಿದರು. 1961ರ ನವೆಂಬರಿನಲ್ಲಿ ಗುಳಿಗೆಯನ್ನು ಜರ್ಮನಿಯಲ್ಲಿ ಹಿಂದಕ್ಕೆ ತೆಗೆದುಕೊಂಡರು. ಅಮೆರಿಕದಲ್ಲಿ ಮಾತ್ರ ಡಾ. ಫ್ರಾನ್ಸಿಸ್ ಕೆಲ್ಸಿ ಎಂಬ ಹೆಣ್ಣುಮಗಳು 'ಪುರಾವೆ ಸಾಲದು' ಎಂದು ಪಟ್ಟು ಹಿಡಿದು ಅನುಮತಿ ತಡೆದಿದ್ದರು.

ಮಾರಾಟಕ್ಕೆ ಬರುವ ಮೊದಲು ಆ ಗುಳಿಗೆಯನ್ನು ಬಸುರಿ ಪ್ರಾಣಿಗಳ ಮೇಲೆ ಸರಿಯಾಗಿ ಪರೀಕ್ಷಿಸಿಯೇ ಇರಲಿಲ್ಲ. ಇಲಿಗಳ ಮೇಲೆ ಪರೀಕ್ಷಿಸಿದ್ದರೂ ಬಹುಶಃ ಗೊತ್ತಾಗುತ್ತಿರಲಿಲ್ಲ, ಏಕೆಂದರೆ ಇಲಿ ಮರಿಗಳಿಗೆ ಅದರಿಂದ ಅಂತಹ ಅಂಗವಿಕಲತೆ ಬರುವುದಿಲ್ಲ. ಆಮೇಲೆ 1964ರಲ್ಲಿ ಬಸುರಿ ಕೋತಿಗಳಿಗೆ ಕೊಟ್ಟು ನೋಡಿದಾಗ ಮನುಷ್ಯರ ಕೂಸುಗಳಲ್ಲಿ ಕಂಡದ್ದೇ ಅಲ್ಲೂ ಕಂಡಿತು. ಇಲಿ ಏಕೆ ಪಾರಾಯಿತು ಎನ್ನುವುದಕ್ಕೆ ಒಂದು ಮುಖ್ಯ ಕಾರಣ ತಿಳಿಯಲು 2018ರವರೆಗೆ ಕಾಯಬೇಕಾಯಿತು. ಕೈ ಕಾಲು ಬೆಳೆಯಲು ಬೇಕಾದ ಒಂದು ಪ್ರೋಟೀನನ್ನು ಈ ಔಷಧಿ ಮನುಷ್ಯರಲ್ಲಿ ನಾಶ ಮಾಡುತ್ತದೆ, ಇಲಿಯಲ್ಲಿ ಮಾಡುವುದಿಲ್ಲ.

'ಪಕ್ಕದ ಮನೆಯವರು ತಗೊಂಡಿದ್ರು, ಏನೂ ಆಗ್ಲಿಲ್ಲ' ಎಂದು ಬಸುರಿ ಸೊಸೆಗೆ ಗುಳಿಗೆ ಕೊಡುವ ಮುನ್ನ ಈ ಕಥೆ ನೆನಪಿರಲಿ. ಮಾಸು ಗೋಡೆಯಲ್ಲ, ಜರಡಿ. ಎಷ್ಟೋ ಔಷಧಿಗಳು ಅದನ್ನು ದಾಟಿ ಮಗುವನ್ನು ಮುಟ್ಟುತ್ತವೆ.

ಬಿಪಿ, ಊಟ, ಸೊಳ್ಳೆ

ಹಿಂದೆ ಗರ್ಭನಂಜು ಎನ್ನುತ್ತಿದ್ದರಲ್ಲ, ಡಾಕ್ಟರ ಭಾಷೆಯಲ್ಲಿ ಪ್ರಿ-ಎಕ್ಲಾಂಪ್ಸಿಯಾ. ಐದು ತಿಂಗಳು ಕಳೆದ ಮೇಲೆ ಬಿಪಿ ಏರುತ್ತದೆ, ಮೂತ್ರದಲ್ಲಿ ಪ್ರೋಟೀನು ಹೋಗುತ್ತದೆ, ಮುಖ ಕೈ ಊದಿಕೊಳ್ಳುತ್ತದೆ, ಮಿತಿ ಮೀರಿದರೆ ಫಿಟ್ಸ್ ಬಂದು ತಾಯಿ ಮಗು ಇಬ್ಬರಿಗೂ ಅಪಾಯ. 2003ರಲ್ಲಿ ಅಮೆರಿಕದಲ್ಲಿರುವ ಭಾರತೀಯ ಮೂಲದ ಡಾ. ಅನಂತ್ ಕರುಮಂಚಿ ಮತ್ತವರ ತಂಡ, ಈ ರೋಗದಲ್ಲಿ ಮಾಸು ಒಂದು ಪ್ರೋಟೀನನ್ನು ತಾಯಿಯ ರಕ್ತಕ್ಕೆ ವಿಪರೀತವಾಗಿ ಬಿಡುತ್ತದೆ ಎಂದು ತೋರಿಸಿತು. ಹಾಗಾದರೆ ಮಾಸಿಗೆ ರಕ್ತ ಸಾಲದಿದ್ದರೆ ಅದು ಹೀಗೆ ಮಾಡುತ್ತದೆಯೇ? ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಅನ್ನಮರೀ ಹೆನೆಸಿ ಎಂಬ ವೈದ್ಯೆಯ ತಂಡ ಬಬೂನ್ ಜಾತಿಯ ಬಸುರಿ ಕೋತಿಗಳ ಗರ್ಭಕೋಶಕ್ಕೆ ಹೋಗುವ ಒಂದು ರಕ್ತನಾಳವನ್ನು ಕಟ್ಟಿ ನೋಡಿತು. ಬಿಪಿ ಏರಿತು, ಮೂತ್ರದಲ್ಲಿ ಪ್ರೋಟೀನು ಕಂಡಿತು, ರಕ್ತದಲ್ಲಿ ಅದೇ ವಸ್ತು ಹೆಚ್ಚಾಯಿತು. 2007ರಲ್ಲಿ ಇದು ಪ್ರಕಟವಾಯಿತು. 2018ರಲ್ಲಿ ಬಬೂನ್‌ಗಳಲ್ಲೇ, ಆ ಪ್ರೋಟೀನು ತಯಾರಾಗುವುದನ್ನು ತಗ್ಗಿಸುವ ಒಂದು ಚುಚ್ಚುಮದ್ದಿನಿಂದ ಬಿಪಿ ಇಳಿದದ್ದೂ ವರದಿಯಾಯಿತು. ಅದು ಇನ್ನೂ ನಮ್ಮ ಆಸ್ಪತ್ರೆಗಳಿಗೆ ಬಂದಿಲ್ಲ. ಆದರೆ ಬಸುರಿಯ ಬಿಪಿ 'ಟೆನ್ಷನ್‌ನಿಂದ ಬಂದಿರೋದು' ಅಲ್ಲ, ಅದರ ಮೂಲ ಮಾಸಿನಲ್ಲಿದೆ ಎನ್ನುವುದಂತೂ ಸ್ಪಷ್ಟ. 'ಅತ್ತೆ ಬಯ್ದರು, ಅದಕ್ಕೇ ಬಿಪಿ' ಎಂದೋ, 'ಇವಳಿಗೆ ಸಿಟ್ಟು ಜಾಸ್ತಿ' ಎಂದೋ ಮನೆಯಲ್ಲಿ ಒಬ್ಬರನ್ನೊಬ್ಬರು ದೂರುವುದನ್ನು ಇನ್ನಾದರೂ ಬಿಡಬಹುದು.

ಊಟದ ಮಾತಿಗೆ ಬರೋಣ. 'ಇಬ್ಬರ ಊಟ ಮಾಡಬೇಕಮ್ಮಾ' ಎಂದು ತುಪ್ಪ, ಕರಿದ ತಿಂಡಿ, ಸ್ವೀಟು ತುಂಬಿಸುವುದು ನಮ್ಮ ಪ್ರೀತಿಯ ರೀತಿ. ಅಮೆರಿಕದ ಓರೆಗಾನ್ ಕೋತಿ ಸಂಶೋಧನಾ ಕೇಂದ್ರದಲ್ಲಿ ಜಪಾನಿ ಕೋತಿಗಳಿಗೆ ಸುಮಾರು ಮೂರನೇ ಒಂದು ಭಾಗ ಶಕ್ತಿ ಕೊಬ್ಬಿನಿಂದಲೇ ಬರುವಂಥ ಆಹಾರ ಕೊಟ್ಟು ನೋಡಿದರು. ಬಸಿರಿನಲ್ಲಿ ಮಾಸಿಗೆ ತಾಯಿಯ ಕಡೆಯಿಂದ ಹರಿಯುವ ರಕ್ತ ಮೂರನೇ ಒಂದಕ್ಕಿಂತ ಹೆಚ್ಚು ಕಡಿಮೆಯಾಗಿತ್ತು, ಸತ್ತು ಹುಟ್ಟುವ ಮರಿಗಳ ಸಂಖ್ಯೆಯೂ ಹೆಚ್ಚಿತ್ತು. 2011ರಲ್ಲಿ ಈ ವಿವರ ಬಂತು. ತಾಯಿ ಕೋತಿ ದಪ್ಪಗಾಗದೆ ಇದ್ದರೂ ರಕ್ತದ ಹರಿವು ಕುಗ್ಗಿತ್ತು ಎನ್ನುವುದೇ ಗಮನಿಸಬೇಕಾದ ಮಾತು. 'ಅವಳು ತೆಳ್ಳಗಿದ್ದಾಳೆ, ಏನು ತಿಂದರೂ ನಡೆಯುತ್ತೆ' ಎನ್ನುವ ನಂಬಿಕೆಗೆ ಇದು ಎಚ್ಚರಿಕೆ. ಕೋತಿಯಲ್ಲಾದದ್ದೆಲ್ಲ ಮನುಷ್ಯರಲ್ಲೂ ಅಷ್ಟೇ ಪ್ರಮಾಣದಲ್ಲಿ ಆಗುತ್ತದೆ ಎಂದಲ್ಲ. ಹಾಗಂತ ಬಸುರಿ ಉಪವಾಸ ಇರಬೇಕು ಎಂದೂ ಅಲ್ಲ. ಸೊಪ್ಪು, ಬೇಳೆ, ಮೊಳಕೆಕಾಳು, ಹಾಲು, ಹಣ್ಣು, ತಿನ್ನುವವರು ಮೊಟ್ಟೆ ಎಲ್ಲ ಧಾರಾಳವಾಗಿ ತಿನ್ನಲಿ. ಕರಿದದ್ದು ಮಾತ್ರ ನಾಲಿಗೆಗೆ ತಕ್ಕಷ್ಟೇ ಇರಲಿ.

ಇನ್ನು ಸೊಳ್ಳೆ. 2015-16ರಲ್ಲಿ ಬ್ರೆಜಿಲ್‌ನಲ್ಲಿ ಜೀಕಾ ವೈರಸ್ ಹರಡಿ ತಲೆ ಚಿಕ್ಕದಾಗಿ ಹುಟ್ಟಿದ ಕೂಸುಗಳ ಫೋಟೋ ಪತ್ರಿಕೆಗಳಲ್ಲಿ ಬಂದದ್ದು ನಿಮಗೆ ನೆನಪಿರಬಹುದು. ಬಸುರಿಗೆ ಜ್ವರವೇ ಕಾಣದಿದ್ದರೂ ಮಗುವಿಗೆ ತೊಂದರೆ ಆದೀತೇ? ಅಮೆರಿಕದ ಹಲವು ಕೋತಿ ಕೇಂದ್ರಗಳು ತಮ್ಮ ಫಲಿತಾಂಶಗಳನ್ನು ಒಟ್ಟುಗೂಡಿಸಿ 2018ರಲ್ಲಿ ಉತ್ತರ ಕೊಟ್ಟವು. ಬಸಿರಿನ ಆರಂಭದಲ್ಲೇ ಸೋಂಕು ತಗುಲಿಸಿದ ಕೋತಿಗಳಲ್ಲಿ ಶೇ. 26ರಷ್ಟು ಮರಿಗಳು ಹೊಟ್ಟೆಯಲ್ಲೇ ಸತ್ತವು. ತಾಯಿ ಕೋತಿಗಳಲ್ಲಿ ರೋಗದ ಲಕ್ಷಣ ಕಂಡದ್ದು ಬಹಳ ಕಡಿಮೆ. 2022ರ ಡಿಸೆಂಬರಿನಲ್ಲಿ ನಮ್ಮ ರಾಯಚೂರು ಜಿಲ್ಲೆಯಲ್ಲಿ ಐದು ವರ್ಷದ ಬಾಲಕಿಯಲ್ಲಿ ಜೀಕಾ ಪತ್ತೆಯಾಯಿತು. 2024ರಲ್ಲಿ ಪುಣೆಯಲ್ಲಿ ಬಸುರಿಯರಲ್ಲೂ ಕಂಡಿತು. ಹೂಕುಂಡದ ತಟ್ಟೆಯ ನೀರು ಚೆಲ್ಲಿ ಎಂದು ಆರೋಗ್ಯ ಇಲಾಖೆಯವರು ಗೋಗರೆಯುವುದು ಡೆಂಗಿಗಾಗಿ ಮಾತ್ರವಲ್ಲ.

ನಮ್ಮ ಬೆಂಗಳೂರಲ್ಲೂ

ಇದೆಲ್ಲ ಪರದೇಶದ ಸಮಾಚಾರ ಎಂದುಕೊಳ್ಳಬೇಡಿ. ಮಲ್ಲೇಶ್ವರದ ಆಚೆ, ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎನ್. ಆರ್. ಮೌದ್ಗಲ್ ಮತ್ತವರ ಸಹೋದ್ಯೋಗಿಗಳು ದಕ್ಷಿಣದ ಕೋತಿಯಲ್ಲಿ ಸಂತಾನದ ಹಾರ್ಮೋನುಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ತಲೆಯ ಮೇಲೆ ಟೋಪಿ ಇಟ್ಟಂತೆ ಕೂದಲಿರುವ, ನಂದಿಬೆಟ್ಟದಲ್ಲಿ ನಮ್ಮ ಕೈಯ ಪೊಟ್ಟಣಕ್ಕೆ ಹಾರುವ ಕೋತಿ ಇದೇ. ಅಲ್ಲಿಯೇ ಪ್ರೊ. ಪಿ. ಆರ್. ಅಡಿಗ ಅವರು, ತಾಯಿಯಿಂದ ಮಗುವಿಗೆ ಬಿ2 ವಿಟಮಿನ್ನು ಹೊತ್ತೊಯ್ಯುವ ಒಂದು ಪ್ರೋಟೀನಿನ ಬೆನ್ನು ಹತ್ತಿದರು. ಕೋಳಿ ಮೊಟ್ಟೆಯಲ್ಲಿರುವ ಅದೇ ಬಗೆಯ ಪ್ರೋಟೀನನ್ನು ಲಸಿಕೆಯಂತೆ ಕೊಟ್ಟಾಗ ಕೋತಿಯಲ್ಲಿ ಬಸಿರು ನಿಲ್ಲುತ್ತಿರಲಿಲ್ಲ ಎಂದು 1987ರಲ್ಲಿ ಅವರ ತಂಡ ಪ್ರಕಟಿಸಿತು. ಅದು ಗರ್ಭನಿರೋಧಕ ಲಸಿಕೆಯಾಗಿ ಅಂಗಡಿಗೆ ಬರಲಿಲ್ಲ. ಆದರೆ ಒಂದು ವಿಟಮಿನ್ನಿನ ದಾರಿ ತಪ್ಪಿದರೆ ಬಸಿರೇ ಉಳಿಯದು ಎನ್ನುವ ತಿಳಿವಳಿಕೆ ಬಂತು.

ಇನ್ನೊಂದು ಕಹಿ ಅಧ್ಯಾಯವೂ ನಮ್ಮದೇ. 1950ರ ದಶಕದಿಂದ ಭಾರತ ಲಕ್ಷಗಟ್ಟಲೆ ರೀಸಸ್ ಕೋತಿಗಳನ್ನು ಕಾಡು, ಊರುಗಳಿಂದ ಹಿಡಿದು ವಿದೇಶಗಳ ಪ್ರಯೋಗಶಾಲೆಗಳಿಗೆ ಕಳಿಸಿತು. ಅವನ್ನು ವಿಕಿರಣದ ಪರೀಕ್ಷೆಗೂ ಬಳಸಿದ್ದು ಬಯಲಾಗಿ ಗದ್ದಲವೆದ್ದಿತು. ಮೊರಾರ್ಜಿ ದೇಸಾಯಿ ಪ್ರಧಾನಿಯಾಗಿದ್ದಾಗ, 1978ರಲ್ಲಿ, ರಫ್ತು ನಿಂತಿತು. ಈಗಲೂ ಅಮೆರಿಕದ ಕೇಂದ್ರಗಳಲ್ಲಿ 'ಭಾರತೀಯ ಮೂಲದ' ಕೋತಿಗಳಿವೆ, ಅಂದು ಹೋದವುಗಳ ಮರಿ ಮೊಮ್ಮರಿಗಳು.

ಹಾಗಾದರೆ ಇದು ಸರಿಯಾ?

ಸಿಹಿ ಹಚ್ಚದೆ ಹೇಳುತ್ತೇನೆ. ಈ ಪ್ರಯೋಗಗಳಲ್ಲಿ ತಾಯಿ ಕೋತಿಗೆ ಅರಿವಳಿಕೆ ಕೊಡುತ್ತಾರೆ, ನಿಜ. ಆದರೆ ಎಷ್ಟೋ ಸಲ ಮಾಸು ಬೇಕೆಂದು ದಿನ ತುಂಬುವ ಮೊದಲೇ ಹೊಟ್ಟೆ ಕೊಯ್ಯುತ್ತಾರೆ, ಮರಿ ಉಳಿಯುವುದಿಲ್ಲ. ತಾಯಿ ಕೋತಿ ಬದುಕುವುದು ಪಂಜರದಲ್ಲಿ. ಹೆತ್ತ ಹೊಟ್ಟೆ ಎಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಸತ್ತ ಮರಿಯನ್ನು ದಿನಗಟ್ಟಲೆ ಎದೆಗೆ ಅವಚಿಕೊಂಡು ತಿರುಗುವ ಕೋತಿಯನ್ನು ನಮ್ಮಲ್ಲಿ ಎಷ್ಟೋ ಜನ ಕಂಡಿದ್ದೇವೆ.

'ಹಾಗಿದ್ದರೆ ಎಲ್ಲವನ್ನೂ ಇಂದೇ ನಿಲ್ಲಿಸಿ' ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಗರ್ಭನಂಜಿಗೆ ಇವತ್ತಿಗೂ ಪೂರ್ತಿ ಪರಿಹಾರ ಎಂದರೆ ಹೆರಿಗೆ ಮಾಡಿಸಿ ಮಾಸನ್ನು ಹೊರತೆಗೆಯುವುದು. ಏಳನೇ ತಿಂಗಳಲ್ಲೇ ಹಾಗೆ ಮಾಡಬೇಕಾಗಿ ಬಂದು, ಗಾಜಿನ ಪೆಟ್ಟಿಗೆಯ ಮುಂದೆ ಕೂತ ತಾಯಿಯ ಮುಖವನ್ನು ನೋಡಿದವರು ಯಾರೂ ಸುಲಭವಾಗಿ ಹಾಗೆನ್ನಲಾರರು. ಪ್ರಯೋಗ ಬೇಡವೆಂದರೆ ಆ ಅಪಾಯ ಮಾಯವಾಗುವುದಿಲ್ಲ. ಥಾಲಿಡೊಮೈಡ್ ಕಾಲದಲ್ಲಾದಂತೆ ಗೊತ್ತಿಲ್ಲದೆ ಬಸುರಿಯರೇ ಪ್ರಯೋಗಪಶು ಆಗಿಬಿಡುತ್ತಾರೆ.

ಆದರೆ 'ವಿಜ್ಞಾನಕ್ಕಾಗಿ' ಎಂದರೆ ಸಾಕು, ಏನು ಬೇಕಾದರೂ ಮಾಡಬಹುದು ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ಕೋತಿಯೂ ಪೂರ್ತಿ ಮನುಷ್ಯನಂತಲ್ಲ. ರೀಸಸ್‌ನ ಮಾಸು ಸಾಮಾನ್ಯವಾಗಿ ಎರಡು ಬಿಲ್ಲೆಗಳಾಗಿರುತ್ತದೆ, ನಮ್ಮದು ಒಂದು. ನಮ್ಮ ಮಾಸು ಗರ್ಭಕೋಶದ ಗೋಡೆಯೊಳಗೆ ಆಳಕ್ಕೆ ಇಳಿಯುತ್ತದೆ, ಅದರದ್ದು ಅಷ್ಟು ಇಳಿಯುವುದಿಲ್ಲ. ಗರ್ಭನಂಜು ಕೋತಿಗಳಿಗೆ ತಾನಾಗಿ ಬರುವುದು ಅಪರೂಪ. ಇಷ್ಟು ವ್ಯತ್ಯಾಸ ಇರುವಾಗ ಪ್ರತಿ ಪ್ರಯೋಗಕ್ಕೂ ಮೊದಲು 'ಇದು ಬೇಕೇ ಬೇಕಾ?' ಎಂದು ಕೇಳುವುದು ನ್ಯಾಯ. 1959ರಲ್ಲೇ ರಸೆಲ್ ಮತ್ತು ಬರ್ಚ್ ಎಂಬ ಇಂಗ್ಲಿಷ್ ವಿಜ್ಞಾನಿಗಳು ಮೂರು ಸೂತ್ರ ಹೇಳಿದರು: ಸಾಧ್ಯವಾದರೆ ಪ್ರಾಣಿಯ ಬದಲು ಬೇರೆ ದಾರಿ ಹಿಡಿಯಿರಿ, ಪ್ರಾಣಿಗಳ ಸಂಖ್ಯೆ ತಗ್ಗಿಸಿ, ನೋವು ಕಡಿಮೆ ಮಾಡಿ. ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾನೂನಿನ ಅಡಿಯಲ್ಲಿರುವ ಸಮಿತಿ ಇದಕ್ಕೆ ನಾಲ್ಕನೆಯದೊಂದನ್ನು ಸೇರಿಸಿದೆ: ಪ್ರಯೋಗ ಮುಗಿದ ಮೇಲೆ ಪ್ರಾಣಿಗೆ ಪುನರ್ವಸತಿ. ಬಾಣಂತಿಗೆ ಬಾಣಂತನ ಬೇಕು ಎನ್ನುವ ನಮಗೆ ಈ ನಾಲ್ಕನೆಯದರ ಬೆಲೆ ಬೇಗ ಅರ್ಥವಾಗುತ್ತದೆ.

ಬೇರೆ ದಾರಿಗಳೂ ತೆರೆಯುತ್ತಿವೆ. 2018ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮನುಷ್ಯರ ಮಾಸಿನ ಜೀವಕೋಶಗಳಿಂದಲೇ ಪುಟಾಣಿ ಮಾಸಿನಂಥ ಉಂಡೆಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದರು. ಅವು ಎಚ್‌ಸಿಜಿಯನ್ನೂ ಹೊರಬಿಡುತ್ತವೆ! ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ 2014ರಲ್ಲಿ ಶುರುಮಾಡಿದ ಮಾಸಿನ ಯೋಜನೆಯ ಉದ್ದೇಶ, ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯಿಂದಲೇ ಬಸುರಿಯ ಮಾಸು ಹೇಗೆ ಕೆಲಸ ಮಾಡುತ್ತಿದೆ ಎಂದು ಹೊರಗಿನಿಂದ ತಿಳಿಯುವುದು. ಹೊಟ್ಟೆಯೊಳಗೆ ಕೈ ಹಾಕದೆ ನೋಡುವ ವಿದ್ಯೆ ಬೆಳೆದಷ್ಟೂ ಕೋತಿಯ ಹೊರೆ ಇಳಿಯುತ್ತದೆ.

ನಾವು ಮಾಡಬಹುದಾದದ್ದು

ಕೋತಿ ತಾಯಂದಿರ ನೋವಿನಿಂದ ಸಿಕ್ಕ ತಿಳಿವಳಿಕೆಯನ್ನು ಬಳಸದೆ ಬಿಡುವುದು ಅದಕ್ಕಿಂತ ದೊಡ್ಡ ಅನ್ಯಾಯ. ಆದ್ದರಿಂದ ಇಷ್ಟನ್ನು ಪಾಲಿಸೋಣ.

* ಬಸುರಿ ಎಂದು ತಿಳಿದ ಮೇಲೆ, ಮತ್ತು ಆಗಬೇಕೆಂದು ಬಯಸುವಾಗಲೂ, ತಲೆನೋವಿನ ಗುಳಿಗೆಯಿಂದ ಹಿಡಿದು ನಾಟಿ ಔಷಧಿಯವರೆಗೆ ಏನನ್ನೂ ಕೇಳದೆ ನುಂಗಬೇಡಿ. ಮೊದಲಿನಿಂದ ತೆಗೆದುಕೊಳ್ಳುತ್ತಿರುವ ಔಷಧಿ ಇದ್ದರೆ ಅದನ್ನು ನೀವಾಗಿ ನಿಲ್ಲಿಸಲೂ ಬೇಡಿ. ಡಾಕ್ಟರಿಗೆ ಹೇಳಿ.

* ಪ್ರತಿ ಭೇಟಿಯಲ್ಲೂ ಬಿಪಿ ನೋಡಿಸಿ, ಮೂತ್ರ ಪರೀಕ್ಷೆ ತಪ್ಪಿಸಬೇಡಿ. ತೀವ್ರ ತಲೆನೋವು, ಕಣ್ಣು ಮಂಜು, ಎದೆಗೂಡಿನ ಕೆಳಗೆ ನೋವು, ಮುಖ ಕೈಗಳಲ್ಲಿ ಇದ್ದಕ್ಕಿದ್ದಂತೆ ಊತ ಕಂಡರೆ 'ನಾಳೆ ನೋಡೋಣ' ಎನ್ನದೆ ಆಸ್ಪತ್ರೆಗೆ ಹೋಗಿ. ಹಿಂದಿನ ಬಸಿರಿನಲ್ಲಿ ಬಿಪಿ ಇದ್ದರೆ ಈ ಸಲ ಆರಂಭದಲ್ಲೇ ಹೇಳಿ.

* ಮಗುವಿನ ಅಲುಗಾಟ ಕಡಿಮೆಯಾಯಿತು ಎನಿಸಿದರೆ ತಡಮಾಡಬೇಡಿ. ಮಾಸಿಗೆ ಬಾಯಿಲ್ಲ, ಅದರ ಕಷ್ಟ ಹೇಳುವುದು ಮಗುವೇ.

* ಬೀಡಿ ಸಿಗರೇಟಿನ ಹೊಗೆಯಿಂದ ಬಸುರಿಯನ್ನು ದೂರವಿಡಿ. ಇದನ್ನು ಮನೆಯ ಗಂಡಸರಿಗೆ ಓದಿ ಹೇಳಿ. ಮನೆ ಸುತ್ತ ನೀರು ನಿಲ್ಲದಂತೆ ನೋಡಿಕೊಳ್ಳಿ, ಹಗಲಲ್ಲೂ ಸೊಳ್ಳೆ ಕಚ್ಚದಂತಿರಲಿ.

* ಹೆರಿಗೆಯ ನಂತರ 'ಮಾಸು ಪೂರ್ತಿ ಬಂತಾ ಸಿಸ್ಟರ್?' ಎಂದು ಕೇಳಲು ಸಂಕೋಚ ಬೇಡ. ಸಂಶೋಧನೆಗಾಗಿ ಮಾಸನ್ನು ಕೊಡುತ್ತೀರಾ ಎಂದು ಆಸ್ಪತ್ರೆಯವರು ಬರವಣಿಗೆಯಲ್ಲಿ ಒಪ್ಪಿಗೆ ಕೇಳಿದರೆ, ವಿವರ ಕೇಳಿ ತಿಳಿದುಕೊಂಡು ಒಪ್ಪಬಹುದು. ಹೇಗೂ ಹಳದಿ ಚೀಲಕ್ಕೆ ಹೋಗುವುದು. ಹೆಣ್ಣುಮಕ್ಕಳು ತಾವಾಗಿ ಕೊಟ್ಟ ಮಾಸಿನಿಂದ ಹೆಚ್ಚು ಹೆಚ್ಚು ತಿಳಿಯುವಂತಾದರೆ, ಅಷ್ಟರ ಮಟ್ಟಿಗೆ ಇನ್ನೊಂದು ತಾಯಿಯ ಹೊಟ್ಟೆ ಕೊಯ್ಯುವುದು ತಪ್ಪುತ್ತದೆ.

ಋಣ ಎಂದರೆ ಕೈ ಮುಗಿದು ಮರೆಯುವ ಸಂಗತಿಯಲ್ಲ, ತೀರಿಸುವ ಸಂಗತಿ. ಕೋತಿಯ ಋಣವನ್ನು ಗುಡಿಯ ಮುಂದೆ ಬಾಳೆಹಣ್ಣು ಕೊಟ್ಟು ತೀರಿಸಲಾಗದು. ನಮ್ಮ ಮನೆಯ ಬಸುರಿಯನ್ನು ಜೋಪಾನವಾಗಿ ನೋಡಿಕೊಂಡು, ಪ್ರಯೋಗಗಳಿಗೆ ಕಟ್ಟುನಿಟ್ಟು ಇರಲಿ ಎಂದು ಗಟ್ಟಿಯಾಗಿ ಕೇಳಿ ತೀರಿಸಬೇಕು. ನೀವೇನಂತೀರಿ?